ನಿದ್ದೆಯಲ್ಲೂ ಕರೆಂಟು ಉಣ್ಣುವ ಮನೆಗಳು

ಯಲಬುರ್ಗಾದ ಓಣಿಯಲ್ಲಿ ಕೋಳಿ ಕೂಗುವ ಹೊತ್ತು. ಅಂಗಳಕ್ಕೆ ನೀರು ಬಿದ್ದಿಲ್ಲ, ಒಲೆಯ ಹೊಗೆ ಎದ್ದಿಲ್ಲ. ಜೈನಾಬೀ ಒಂದು ಮನೆಯ ಮುಂದೆ ನಿಂತು ಕರೆಂಟು ಉರಿದಷ್ಟೂ ಬೇಗ ಬೇಗ ಮಿಣುಕುವ ಮೀಟರಿನ ಕೆಂಪು ದೀಪವನ್ನೇ ನೋಡುತ್ತಿದ್ದಾರೆ. ದೀಪ ಮಿಣುಕುತ್ತದೆ, ಸುಮ್ಮನಾಗುತ್ತದೆ, ಬಹಳ ಹೊತ್ತಿನ ಮೇಲೆ ಮತ್ತೊಮ್ಮೆ ಮಿಣುಕುತ್ತದೆ. "ಈ ಮನಿ ಛಲೋ ನಿದ್ದಿ ಮಾಡಾಕತ್ತೈತ್ರಿ," ಎಂದು ಪಿಸುಗುಟ್ಟಿ ಮುಂದಿನ ಬಾಗಿಲಿಗೆ ನಡೆಯುತ್ತಾರೆ.

ಹೊಲಿಗೆ ಬಿಟ್ಟು ಮನೆಮನೆಗೆ ಕರೆಂಟ್ ಬಿಲ್ ಹರಿದುಕೊಡುವ ಕೆಲಸ ಹಿಡಿದವರು ಇವರು. ದಿನಕ್ಕೆ ನೂರೈವತ್ತು ಮನೆ, ಮೇಲೆ ಬಿಸಿಲು, ಕಾಲಿಗೆ ನಾಯಿ! ಉಚಿತ ಕರೆಂಟ್ ಬಂದ ಮೇಲೆ ಹೆಚ್ಚಿನವರಿಗೆ ಸೊನ್ನೆ ಬಿಲ್ಲು. ಅದನ್ನು ಯಾರು ಓದುತ್ತಾರೆ? ಮಡಚಿ ಕಿಟಕಿಗೆ ತುರುಕುತ್ತಾರೆ. ಜೈನಾಬೀ ಮಾತ್ರ ಯೂನಿಟ್ ನೋಡುತ್ತಾರೆ. ಏರಿದ್ದರೆ ಮರುದಿನ ನಸುಕಿನಲ್ಲೇ ಆ ಮನೆಗೆ ಹಾಜರು. ಹೀಗೆ ಮಾಡು ಎಂದು ಹೇಳಿದವರು ಯಾರೂ ಇಲ್ಲ. "ಎಲ್ಲಾರೂ ಮಲಗಿದಾಗ ಮನಿ ಏನ ಉಣ್ಣತೈತಿ ಅನ್ನೂದು ಗೊತ್ತಾಕ್ಕೈತ್ರಿ. ಹಳೀ ಫ್ರಿಜ್ಜು, ಮರತು ಬಿಟ್ಟ ಮೋಟ್ರು..."

ಅದೇ ಓಣಿಯ ಮುದಕಮ್ಮನ ಮನೆಯಲ್ಲೂ ಹೀಗೇ ಯೂನಿಟ್ ಏರಿತ್ತು. ಉಚಿತದ ಮಿತಿ ದಾಟಿ ಹಣ ಕಟ್ಟುವ ಬಿಲ್ಲು ಬಂದದ್ದೇ ತಡ, ಮುದಕಮ್ಮ ಬಸುರಿ ಸೊಸೆ ರೂಪಾಳ ಮೇಲೆ ಹರಿಹಾಯ್ದರು. ಫ್ಯಾನು ಬಂದ್, ಟಿವಿ ಬಂದ್. ಪಾಪ, ಆ ಹುಡುಗಿ ಸೆಕೆಯಲ್ಲಿ ಬೆಂದಳು. ಯೂನಿಟ್ ಮಾತ್ರ ಇಳಿಯಲೊಲ್ಲದು.

ಒಂದು ನಸುಕಿನಲ್ಲಿ ಜೈನಾಬೀ ಆ ಮನೆಯ ಎಲ್ಲ ಸ್ವಿಚ್ ಆರಿಸಿ ನೋಡಿದರೆ ಕೆಂಪು ದೀಪ ಮಿಣಮಿಣ ಎನ್ನುತ್ತಲೇ ಇದೆ. "ಇದು ಸೊಸಿ ಉರಿಸಿದ ಕರೆಂಟ್ ಅಲ್ಲಬೇ ಯವ್ವಾ, ಎಲ್ಲೋ ಸೋರಾಕತ್ತೈತಿ. ಯಾರೂ ಏನೂ ಮುಟ್ಟಬ್ಯಾಡ್ರಿ!" ಎಂದವರೇ ಮೇನ್ ಬಂದ್ ಮಾಡಿ ವೈರಮನ್ ಯಂಕೇಶನನ್ನು ಕರೆತಂದರು. ಬಚ್ಚಲಿಗೆ ಹೋಗುವ ವೈರು ಚಾವಣಿಯ ತಗಡಿಗೆ ಉಜ್ಜಿ ಸುಲಿದಿತ್ತು. ಬಟ್ಟೆ ಒಣಹಾಕುವ ತಂತಿಯನ್ನು ಕಟ್ಟಿದ್ದೂ ಅದೇ ತಗಡಿಗೆ.

ರೂಪಾ ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡಳು. "ದಿನಾ ಬಟ್ಟಿ ಹಾಕುವಾಗ ಕೈ ಜುಮ್ ಅಂತಿದ್ವು ಅಕ್ಕಾರ. ರಕ್ತ ಕಡಿಮಿ ಆಗೈತಿ ಅಂತ ಗುಳಿಗಿ ನುಂಗತಿದ್ದೆ." ಮುದಕಮ್ಮ ಸೊಸೆಯ ಒದ್ದೆ ಕೈ ಹಿಡಿದುಕೊಂಡು ಗಳಗಳ ಅತ್ತರು.

ಈಗ ರೂಪಾಳ ಮಗಳಿಗೆ ಹಲ್ಲು ಮೂಡುತ್ತಿವೆ. ತಂತಿ ಹೋಗಿ ನೈಲಾನ್ ಹಗ್ಗ ಬಂದಿದೆ. ಆದರೂ ಮುದಕಮ್ಮ ದಿನಾ ಬೆಳಿಗ್ಗೆ ಆ ಹಗ್ಗವನ್ನು ಮೊದಲು ತಾವು ಮುಟ್ಟಿ ನೋಡಿಯೇ ಸೊಸೆಯನ್ನು ಹತ್ತಿರ ಬಿಡುತ್ತಾರೆ. ನೈಲಾನಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಹೇಳಬಾರದೇ ಎಂದರೆ ಜೈನಾಬೀ ನಗುತ್ತಾರೆ.

"ಹೇಳಂಗಿಲ್ರಿ. ಅತ್ತಿ ಸೊಸಿ ಸಲುವಾಗಿ ಕೈ ಚಾಚೂದು ನೋಡಾಕ ಛಂದ ಐತಿ. ಮುಟ್ಟಲಿ ಬಿಡ್ರಿ."