ಆಸ್ಪತ್ರೆ ಓಣಿಯ ಬಾಯಲ್ಲಿ ನಿಲ್ಲಿಸಿದ ಕಾರು

ವರ್ಷ ಎರಡು ಸಾವಿರದ ಐದೋ ಆರೋ, ಖಚಿತವಿಲ್ಲ. ಡೈರಿಯಲ್ಲಿ ಆ ವಾರದ ಪುಟಗಳು ಖಾಲಿ. ಮೋಡ ಕವಿದಿತ್ತೆಂದು ನನ್ನ ನೆನಪು. ಅಮ್ಮ ಬಿಸಿಲಿತ್ತು ಅನ್ನುತ್ತಾಳೆ. ಹ್ಯಾಂಡ್‌ಬ್ರೇಕ್ ಎಳೆದದ್ದು ಮಾತ್ರ ಕೈಗೇ ನೆನಪಿದೆ. ಅಷ್ಟನ್ನು ನಂಬುತ್ತೇನೆ.

ಆಗೆಲ್ಲ ಕೊಪ್ಪದ ಪೇಟೆಯಲ್ಲಿ ವಾಹನ ನಿಲ್ಲಿಸುವುದಕ್ಕೊಂದು ರೂಢಿಯಿತ್ತು. ಜಾಗ ಸಿಕ್ಕಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಬಿಟ್ಟು, ಚಕ್ರಕ್ಕೊಂದು ಕಲ್ಲು ಕೊಟ್ಟು ಹೋಗುವುದು. ದಾರಿ ಬೇಕಾದವರು ಕಲ್ಲು ತೆಗೆದು, ನಾಲ್ಕು ಜನ ಸೇರಿ ತಳ್ಳಿ, ಮತ್ತೆ ಕಲ್ಲು ಕೊಡುತ್ತಿದ್ದರು. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಅಲ್ಲೇ ಕಾರು ಕಲಿತು ಬಂದ ನನಗೆ ಇದು ಬರೀ ಅವ್ಯವಸ್ಥೆಯಾಗಿ ಕಂಡಿತ್ತು. ಪಾರ್ಕಿಂಗ್ ಸರಿಪಡಿಸಲು ಅಂಗಡಿಯವರು ಸಮಿತಿ ಮಾಡಿಕೊಂಡಾಗ ನಕ್ಷೆ ಬರೆದುಕೊಟ್ಟವಳು ನಾನೇ. ಬಿಳಿ ಗೆರೆಗಳು ಬಿದ್ದವು. ಹೆರಿಗೆ ಆಸ್ಪತ್ರೆಗೆ ಏರುವ ಓಣಿಯ ಬಾಯಲ್ಲೂ ಒಂದು ಕಾರಿನಷ್ಟು ಜಾಗ ಗುರುತಾಯಿತು. ಜೀಪು ತಿರುಗಲು ಎಷ್ಟು ಅಗಲ ಬೇಕೆಂದು ನಾನು ಯಾವ ಡ್ರೈವರನ್ನೂ ಕೇಳಿರಲಿಲ್ಲ.

ಆ ದಿನ ನನ್ನ ಹೊಸ ಕಾರನ್ನು ಆ ಗೆರೆಯೊಳಗೇ ನಿಲ್ಲಿಸಿದೆ. ಗೇರಿಗೆ ಹಾಕಿ, ಬ್ರೇಕ್ ಎಳೆದು, ಲಾಕ್ ಮಾಡಿ, ಅಮ್ಮನೊಂದಿಗೆ ಬಟ್ಟೆ ಅಂಗಡಿಗೆ ಹೋದೆ. ಮೊಬೈಲು ಸೀಟಿನ ಮೇಲೇ ಉಳಿಯಿತು.

ಮುಂದಿನದು ನಾನು ಕಂಡದ್ದಲ್ಲ, ಓಣಿಯ ಚಹಾದಂಗಡಿಯವರು ಹೇಳಿದ್ದು. ಮೇಗುಂದದ ಕಡೆಯಿಂದ ನನ್ನ ಸೋದರಮಾವನ ಜೀಪು ಬಂತು. ಹಿಂದೆ ಅವರ ತೋಟದ ಕೆಲಸದವಳು, ಪಕ್ಕದಲ್ಲಿ ಅವಳ ಗಂಡ. ಹೆರಿಗೆ ನೋವು, ರಕ್ತ ಹೋಗುತ್ತಿತ್ತು. ಜೀಪು ಓಣಿಗೆ ತಿರುಗಲಿಲ್ಲ. ಜನ ಸೇರಿ ನನ್ನ ಕಾರನ್ನು ತಳ್ಳಿದರು.

"ಎಂತ ಮಾರಾಯ, ಬೇರು ಬಿಟ್ಟಿದ್ಯಾ ಇದು?"

"ಗೇರಲ್ಲಿ ಬಿಟ್ಟು ಹೋಗಿದಾರೆ ಪುಣ್ಯಾತ್ಮರು. ಓದಿದವರ ಕಾರೇ ಇರ್ಬೇಕು."

"ಗಾಜು ಒಡ್ದು ಗೇರು ತೆಗೀರಿ ಮಾರಾಯ್ರೆ, ಕಲ್ಲೆಲ್ಲಿ?"

ಮಾವ ಅಡ್ಡ ಬಂದರಂತೆ. "ಒಡೀಬೇಡಿ, ಇದು ನಮ್ಮ ಕೂಸಿನ ಕಾರು. ಇಲ್ಲೇ ಎಲ್ಲೋ ಇರ್ತಾಳೆ, ಕರ್ಕಂಡು ಬತ್ತೆ."

ಅವರು ಫೋನ್ ಮಾಡಿದರು. ಗಾಜಿನಾಚೆ, ಎಲ್ಲರ ಕಣ್ಣೆದುರೇ, ನನ್ನ ಮೊಬೈಲು ಬಡಿದುಕೊಂಡಿತು. ಮಾವ ಅಂಗಡಿ ಅಂಗಡಿ ಹೊಕ್ಕು ನನ್ನನ್ನು ಹುಡುಕತೊಡಗಿದರು.

ಬಟ್ಟೆ ಅಂಗಡಿಯ ಬಾಗಿಲಲ್ಲಿ ಅವರ ಮುಖ ಕಂಡಾಗ ಮನೆಯಲ್ಲಿ ಯಾರೋ ಹೋದರೆಂದೇ ಭಾವಿಸಿದೆ. "ಕೀ ಕೊಡೇ, ಕೀ!" ಎಂದರು. ಓಡಿದೆವು. ಐದು ನಿಮಿಷ ಕಳೆದಿತ್ತೋ ಹದಿನೈದೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾವು ತಲುಪುವಾಗ ಜೀಪು ಖಾಲಿಯಿತ್ತು. ಅವಳ ಗಂಡ ಕಾಯಲಾರದೆ ಚಹಾದಂಗಡಿಯ ಬೆಂಚು ಕಿತ್ತು ತಂದಿದ್ದ. ಅದರ ಮೇಲೆ ಅವಳನ್ನು ಮಲಗಿಸಿ ನಾಲ್ವರು ಏರು ಹತ್ತುತ್ತಿದ್ದರು. ಅವಳ ಒಂದು ಕೈ ಬೆಂಚಿನಿಂದ ಕೆಳಗೆ ಜೋತಿತ್ತು. ಕೀ ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ.

ಆಸ್ಪತ್ರೆಯ ಜಗಲಿಯಲ್ಲಿ ಕಾದೆವು. ಬಾಗಿಲು ಎರಡು ಸಲ ತೆರೆಯಿತು. ಎರಡು ಸಲವೂ ನರ್ಸ್ ನಮ್ಮತ್ತ ನೋಡದೆ ಹೋದಳು. ಕೆಲಸದವಳ ಗಂಡ ಒಮ್ಮೆ ನನ್ನ ಕೈಯ ಕೀಗೊಂಚಲನ್ನು ನೋಡಿದ. ನಾನದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಬಂದು, ತಾಯಿ ಮಗು ಇಬ್ಬರೂ ಉಳಿದಿದ್ದಾರೆ, ಇನ್ನೂ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು.

ಮರುವಾರ ಓಣಿಯ ಬಾಯಲ್ಲಿದ್ದ ಗೆರೆಗಳನ್ನು ಅಳಿಸಿದೆವು. "ಎಲ್ಲ ಸುಸೂತ್ರ ಆಯ್ತಲ್ಲ, ಎಂತಕ್ಕೆ ಅದನ್ನೇ ಕೆದಕ್ತೀಯ?" ಎಂದಳು ಅಮ್ಮ. ಗೆರೆ ನನ್ನ ತಪ್ಪು, ಅದನ್ನು ಒಪ್ಪಿಕೊಳ್ಳುವುದು ಕಷ್ಟವಾಗಲಿಲ್ಲ. ಆದರೆ ಆ ಗಾಜು? ಅದನ್ನು ಉಳಿಸಿದ್ದು ನನ್ನ ಮೇಲಿನ ಪ್ರೀತಿಯಿಂದ. ಪ್ರೀತಿಯನ್ನು ಹೇಗೆ ದೂರುವುದು?

ಆಸ್ಪತ್ರೆಯಿಂದ ಬಂದ ಸಂಜೆ ಮಾವ ಜೀಪಿನ ಸೀಟು ತೊಳೆಯುತ್ತಿದ್ದಾಗ ಕೇಳಿಯೇಬಿಟ್ಟಿದ್ದೆ.

"ಮಾವ, ಜೀಪಲ್ಲಿ ಅತ್ತೆ ಮಲಗಿದ್ದಿದ್ರೆ, ನೀವು ನನ್ನ ಹುಡುಕ್ತಾ ಬರ್ತಿದ್ರಾ?"