ನಂದೊಳ್ಳಿಯಿಂದ ಬಂದ ರಕ್ತ

ಶಕುನ, ಮುನ್ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ಗೇಲಿ ಮಾಡುತ್ತಿದ್ದ ಆಸಾಮಿ ನಾನು. ಕಂಪ್ಯೂಟರಿನ ಕೆಲಸದವನಿಗೆ, ಒಳಗೆ ಹಾಕಿದ್ದೇ ಹೊರಗೆ ಬರುತ್ತದೆ ಎಂಬ ನಂಬಿಕೆ ಗಟ್ಟಿ. ಈಗ ಅಂಥ ಕತೆಗಳನ್ನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಶಿರಸಿಯ ಆಸ್ಪತ್ರೆಯೊಂದರಲ್ಲಿ ನನ್ನ ತಂಗಿ ಹೆರಿಗೆಗೆ ಸೇರಿದ್ದಳು. ಬೆಳಗ್ಗೆ ರಕ್ತಸ್ರಾವ ಶುರುವಾಯಿತು. ಅವಳದು ಓ ನೆಗೆಟಿವ್. ಊರಲ್ಲೆಲ್ಲೂ ಆ ರಕ್ತವಿರಲಿಲ್ಲ. "ಯಂಗೆ ಹೆದ್ರಿಕೆ ಆಗ್ತು ಅಣ್ಣಾ" ಎಂದಳು. ನಾನು ಆಸ್ಪತ್ರೆಯ ಕಂಪ್ಯೂಟರಿನ ಮುಂದೆ ಹೋಗಿ ಕೂತೆ.

ಅದರಲ್ಲಿ ರಕ್ತದಾನಿಗಳ ಹಳೆಯ ಫೈಲು ಇತ್ತು. ಹೆಸರು, ಊರು, ರಕ್ತದ ಗುಂಪು, ಫೋನು, ಪ್ರತಿಯೊಂದಕ್ಕೂ ಇಂತಿಷ್ಟೇ ಅಕ್ಷರ ಎಂದು ಜಾಗ. ನಮ್ಮ ಕಡೆಯವರೋ, ಹೆಸರು ಕೇಳಿದರೆ ಅಪ್ಪನ ಹೆಸರು, ಅಡ್ಡಹೆಸರು ಸಮೇತ ಬರೆಸುವವರು. ನಡುವೆ ಚುಕ್ಕಿಯಿಟ್ಟು ಅಷ್ಟನ್ನೂ ತುರುಕಿದ್ದರಿಂದ ಉದ್ದ ಹೆಸರುಗಳು ತಮ್ಮ ಜಾಗ ಪೂರ್ತಿ ತುಂಬಿ ಊರಿಗೆ ಅಂಟಿಕೊಂಡಿದ್ದವು. ಖಾಲಿ ಜಾಗ ನೋಡಿ ಕಾಲಂ ಎಣಿಸುವ 'ಆಕ್' ಆಜ್ಞೆಗೆ ಹೆಸರು, ಊರು ಎರಡೂ ಸೇರಿ ಒಂದೇ ಕಾಲಂ; ರಕ್ತದ ಗುಂಪು ಒಂದು ಕಾಲಂ ಹಿಂದೆ ಸರಿಯುತ್ತಿತ್ತು. ಹಾಗಾಗಿ ಗುಂಪು ಹುಡುಕಿದಾಗಲೆಲ್ಲ ಆ ಜನ ತಪ್ಪಿಹೋಗುತ್ತಿದ್ದರು.

ನಾನು 'ಕಟ್' ಬಳಸಿದೆ. ಇಷ್ಟನೆಯ ಅಕ್ಷರದಿಂದ ಇಷ್ಟನೆಯದರವರೆಗೆ ಎಂದು ಕತ್ತರಿಸಿ, ನಡುವೆ ಗೆರೆ ಹಾಕಿ ಜೋಡಿಸಿದೆ. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಿದ್ದ ಒಬ್ಬರು ಓ ನೆಗೆಟಿವ್ ಸಿಕ್ಕರು, ಯಲ್ಲಾಪುರದ ಹತ್ತಿರ ನಂದೊಳ್ಳಿಯ ಭಟ್ಟರು.

ಫೋನು ಎತ್ತಿದ್ದು ಅವರ ಹೆಂಡತಿ. "ಇವರು ಆಗ್ಲೇ ಬಸ್ಸು ಹತ್ತಿ ಆಯ್ತಲ್ಲ. ಬೆಳಗ್ಗೆ ನೀವೇ ಫೋನ್ ಮಾಡಿದ್ದಲ್ವ?"

ಆಸ್ಪತ್ರೆಯಲ್ಲಿ ಎಲ್ಲರನ್ನೂ ಕೇಳಿದೆ. ಯಾರೂ ಮಾಡಿರಲಿಲ್ಲ. ಮಾಡುವುದಾದರೂ ಹೇಗೆ, ಆ ಹೆಸರು ಹೊರಗೆ ಬಂದದ್ದೇ ಆಗಷ್ಟೆ.

ಭಟ್ಟರು ಬರುವಷ್ಟರಲ್ಲಿ ಆಪರೇಷನ್ ಮಾಡಿ ಮಗುವನ್ನು ತೆಗೆದಿದ್ದರು. ತಂಗಿ ಉಳಿಯಲಿಲ್ಲ. ಅಷ್ಟು ದೂರದಿಂದ ಬಂದ ಆ ಬಡಪಾಯಿ ಭಟ್ಟರ ಮೇಲೆ ನನಗೆ ಸುಮ್ಮಸುಮ್ಮನೆ ಸಿಟ್ಟು ಬಂತು. "ತಡವಾಯ್ತು ಭಟ್ರೇ, ನನ್ನ ತಂಗಿ ಹೋದಳು" ಎಂದೆ.

ಅವರು ಗಲಿಬಿಲಿಯಾಗಿ ನನ್ನನ್ನೇ ನೋಡಿದರು. "ಫೋನಲ್ಲಿ ಮಾತಾಡಿದ್ದು ನೀವೇ ಅಲ್ವ? ಇದೇ ಧ್ವನಿ. ತಾಯಿಗೆ ಅಂತ ಹೇಳಲೇ ಇಲ್ಲ ನೀವು. ಮಗುವಿಗೆ ಬೇಕು ಅಂದ್ರಿ."

ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ತಾಯಿಯ ರಕ್ತಕ್ಕೆ ಹೊಂದದೆ ಮಗುವಿನ ರಕ್ತ ಕೆಡುತ್ತಿದೆ, ಬದಲಾಯಿಸಬೇಕು, ಓ ನೆಗೆಟಿವ್ ಬೇಕು ಎಂದರು. ಭಟ್ಟರು ಅಂಗಿಯ ತೋಳು ಮಡಿಸುತ್ತ ಒಳಗೆ ನಡೆದರು.

ಮಗು ಬದುಕಿತು, ಹೆಣ್ಣು. ನಮ್ಮ ಮನೆಯಲ್ಲೇ ಬೆಳೆದಳು. ನನಗೆ ಬಗೆಹರಿಯದೆ ಉಳಿದದ್ದು ಇಷ್ಟೇ: ಆ ಬೆಳಗ್ಗೆ, ತಂಗಿ ಇನ್ನೂ ಮಾತಾಡುತ್ತಿದ್ದಾಗ, ನನ್ನ ಧ್ವನಿಯಲ್ಲಿ ಯಾರೋ ನಂದೊಳ್ಳಿಗೆ ಫೋನು ಮಾಡಿದ್ದರು. ಆ ಧ್ವನಿ ತಂಗಿಗೆಂದು ರಕ್ತ ಕೇಳಲೇ ಇಲ್ಲ.