ಏಲಕ್ಕಿ ಕೋಣೆಗೆ ಗಾಳಿ

ನನ್ನ ತವರು ಓಡೈಪಟ್ಟಿ. ತಮಿಳು ಸೀಮೆಯಲ್ಲಿ ನೆಲೆಸಿದ ಕನ್ನಡದವರು, ದ್ರಾಕ್ಷಿ ಬೆಳೆಯುವವರು ನಾವು. ಚಪ್ಪರದ ಮೇಲೆ ಎಲೆ ದಟ್ಟವಾಯಿತೆಂದರೆ ಅಪ್ಪ ಕತ್ತರಿ ಹಿಡಿದು ಹೋಗಿ ಸವರಿ ಬರುತ್ತಿದ್ದರು. ಗಾಳಿಯಾಡದ ಚಪ್ಪರದಲ್ಲಿ ಗೊಂಚಲಿಗೆ ಬೂಷ್ಟು ಹಿಡಿಯುತ್ತದೆ. ಮದುವೆಯಾಗಿ ಬೋಡಿಗೆ ಬಂದೆ, ಇಲ್ಲಿ ಗಾಳಿಯೇ ಶತ್ರು. ಬೋಡಿಮೆಟ್ಟಿನ ಬೆಟ್ಟದ ತೋಟಗಳಿಂದ ಇಳಿದು ಬರುವ ಏಲಕ್ಕಿಯನ್ನು ಕೊಂಡು, ಕೂಡಿಟ್ಟು, ಮಾರುವ ಮನೆ ನಮ್ಮದು. ಗಾಳಿ, ಬೆಳಕು, ತೇವ ಸೋಕಿದರೆ ಕಾಯಿಯ ಹಸಿರು ಮಾಸುತ್ತದೆ. ಹಸಿರು ಮಾಸಿದ ಕಾಯಿಯನ್ನು ಕೇಳುವವರಿಲ್ಲ. ಅದಕ್ಕೇ ನಮ್ಮ ಮಾವ ಇಳಿಜಾರಿನ ಮೇಲಿರುವ ಈ ಮನೆಯ ಅಡಿಯಲ್ಲಿ, ಮುಕ್ಕಾಲು ಪಾಲು ನೆಲದೊಳಗೇ ಇರುವಂತೆ, ಒಂದು ಕೋಣೆ ಕಟ್ಟಿಸಿದ್ದರು. ಕಿಟಕಿ ಇಲ್ಲ. ಗೋಡೆಗೆಲ್ಲ ಹಲಗೆ ಹೊದಿಕೆ. ಬಾಗಿಲಿನ ಕೆಳಸಂದಿಗೆ ಗೋಣಿಚೀಲ ಸುತ್ತಿ ತುರುಕುವುದು ಮನೆಯ ಗಂಡಸರ ನಿತ್ಯಕರ್ಮ. ದೇವರ ದೀಪ ಮರೆತಾರು, ಗೋಣಿ ಮರೆಯರು.

ಮಾವ ತೀರಿಕೊಂಡರು. ವ್ಯಾಪಾರ ನಮ್ಮ ಮೈದುನನ ಕೈಗೆ ಹೋಯಿತು, ಸರಕೂ ಅವನ ಹೊಸ ಗೋಡೌನಿಗೆ ಹೋಯಿತು. ಖಾಲಿಯಾದ ಕೆಳಕೋಣೆಯಲ್ಲಿ ನನ್ನ ಗಂಡ ಮರಗೆಲಸ ಹಿಡಿದರು. ಹಲಸಿನ ಮರದಲ್ಲಿ ಮಣೆ ಮಾಡುತ್ತಾರೆ. ನಮ್ಮ ಕಡೆಯ ಮದುವೆಗಳಲ್ಲಿ ಅವರ ಮಣೆಯ ಮೇಲೆ ಕೂರದ ಹೆಣ್ಣು ಗಂಡು ಈಗ ಕಡಿಮೆ. ಬೆಳಿಗ್ಗೆ ಇಳಿದವರು ಊಟದ ಹೊತ್ತಿಗೆ ಹಳದಿ ಪುಡಿ ಮೆತ್ತಿಕೊಂಡು ಮೇಲೆ ಬರುತ್ತಿದ್ದರು. ಅರಿಶಿನ ಶಾಸ್ತ್ರಕ್ಕೆ ಕೂತ ಮದುಮಗನಂತೆ ಕಾಣುತ್ತೀರಿ, ಹೆಣ್ಣು ಯಾರು ಎಂದು ಕೇಳುತ್ತಿದ್ದೆ. ಕೆಲಸ ಅವರಿಗೆ ಒಗ್ಗಿತ್ತು. ಒಗ್ಗದೆ ಹೋದದ್ದು ಎದೆ. ಮೊದಲು ಕೆಮ್ಮು, ಆಮೇಲೆ ಮೆಟ್ಟಿಲ ನಡುವೆ ನಿಂತು ಉಸಿರು ಎಳೆದುಕೊಳ್ಳುವುದು. ಪಾಲಿಶ್ ಹಚ್ಚಿದ ದಿನ ಅವರ ಕಣ್ಣು ಕೆಂಡ.

ತೇನಿಯ ಡಾಕ್ಟರು ಎದೆಯ ಫೋಟೊ ತೆಗೆಸಿ ನೋಡಿ ತಮಿಳಿನಲ್ಲಿ ಬೈದರು. ಕೋಣೆಗೆ ಗಾಳಿ ಬರಬೇಕು, ಇಲ್ಲ ಕೋಣೆಗೆ ಬೀಗ ಬೀಳಬೇಕು, ಮೂರನೆಯ ದಾರಿ ಇಲ್ಲ ಎಂದರು. ಮನೆಗೆ ಬಂದು ಅದನ್ನೇ ನಾನು ಕನ್ನಡದಲ್ಲಿ ಹೇಳಿದೆ. ನಮ್ಮ ಮನೆಮಾತಿನಲ್ಲಿ ಬೈದರೇನೇ ಅವರಿಗೆ ನಾಟುವುದು. ಕೆಲಸ ಬಿಟ್ಟು ಮೇಲೆ ಕೂತರೆ ಈ ಮನುಷ್ಯ ಏನಾಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಬೀಗ ನನಗೂ ಬೇಡವಾಗಿತ್ತು.

ಹಿಂದಿನ ಗೋಡೆಯಲ್ಲಿ, ನೆಲಕ್ಕಿಂತ ಮೇಲಿರುವ ಭಾಗದಲ್ಲಿ ತೂತು ಕೊರೆಸಿ ದೊಡ್ಡದೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಅದರ ಸದ್ದಿಗೆ ಅಡಿಗೆಮನೆಯ ಲೋಟಗಳು ನಡುಗಿದವು. ಕೆಮ್ಮು ಮಾತ್ರ ಇದ್ದಲ್ಲೇ ಇತ್ತು.

ಶುಕ್ರವಾರ ಸಂಜೆ ಮನೆಯೆಲ್ಲ ಸಾಂಬ್ರಾಣಿ ಹೊಗೆ ತೋರಿಸುವುದು ನಮ್ಮಲ್ಲಿ ವಾಡಿಕೆ. ಕೆಂಡದ ತಟ್ಟೆ ಹಿಡಿದು ಕೆಳಗೂ ಇಳಿದೆ. ಅವರು ಬಾಗಿಲು ತೆರೆದು ನನ್ನನ್ನು ಒಳಗೆ ಬಿಟ್ಟು, ಬಾಗಿಲು ಮುಚ್ಚಿ, ಕಾಲಿನಿಂದಲೇ ಗೋಣಿಯನ್ನು ಸಂದಿಗೆ ಒತ್ತಿದರು. ಹೊಗೆ ಸೊಂಟದ ಮಟ್ಟದಲ್ಲಿ ಸುಮ್ಮನೆ ತೇಲುತ್ತಿತ್ತು. ಫ್ಯಾನು ಮೊರೆಯುತ್ತಲೇ ಇತ್ತು. ಒಳಗೆ ಬರಲು ಗಾಳಿಗೆ ದಾರಿಯೇ ಇಲ್ಲದಿದ್ದರೆ ಹೊರಗೆ ಹೋಗುವುದಾದರೂ ಏನು? ನಾನು ಬಗ್ಗಿ ಗೋಣಿ ಎಳೆದುಹಾಕಿ ಬಾಗಿಲು ಅಗಲ ಮಾಡಿದೆ. ಹೊಗೆ ಒಮ್ಮೆ ತೂಗಾಡಿ, ದಾರದಂತೆ ಸಾಗಿ, ಫ್ಯಾನಿನೊಳಗೆ ನುಗ್ಗಿತು. ಗೋಣಿ ತುರುಕುವ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ನಕ್ಕೆ. ಅವರೂ ತಲೆಯಾಡಿಸಿದರು.

ಮರುದಿನ ನೋಡಿದರೆ ಗೋಣಿ ಮತ್ತೆ ಸಂದಿಯಲ್ಲಿ. ತೆಗೆದೆ. ಅದರ ಮರುದಿನವೂ ಅಲ್ಲೇ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಆ ದಿನ ಅವರು ಮೆಟ್ಟಿಲ ನಡುವೆ ನಿಂತವರು ಅಲ್ಲೇ ಕೂತುಬಿಟ್ಟರು, ತುಟಿ ಕಪ್ಪಿಟ್ಟಿತ್ತು. ನೀರು ಕುಡಿಸಿ, ಅವರ ಉಸಿರು ಹತೋಟಿಗೆ ಬಂದ ಮೇಲೆ ಗೋಣಿಯನ್ನು ತಂದು ಅವರ ಮುಂದೆ ಹಾಕಿದೆ.

"ಏಂಗ, ಕೇಳ್ರಿ, ಆ ಕೋಣೆಯೊಳಗ ಈಗ ಏಲಕ್ಕಾಯಿ ಎಲ್ಲೈತೆ? ಯಾತಕ್ಕೆ ಈ ಕಾವಲು?"

ಅವರು ಗೋಣಿಯನ್ನು ಬಳಿಗೆಳೆದುಕೊಂಡು, ನನ್ನನ್ನು ಹುಡುಗಿ ಎಂದು ಕರೆಯುವ ಹಳೆಯ ಸಲುಗೆಯಲ್ಲೇ ಹೇಳಿದರು.

"ಅಪ್ಪಾರ ವಾಸನೆ ಆ ಕೋಣೆಯೊಳಗ ಐತೆ, ಪುಳ್ಳೆ. ಬಾಗ್ಲು ತೆಗ್ದು ಬುಟ್ರೆ ಒಂದ್ ಆಡಿಕಾತ್ತಿಗೆ ನಿಲ್ಲಾಕಿಲ್ಲ."

ಆಡಿ ಎಂದರೆ ಆಷಾಢ, ಆ ತಿಂಗಳ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಎನ್ನುವ ಸೀಮೆ ಇದು. ವಾಸನೆಯ ಪಾಡೇನು. ಅವರು ಹೇಳಿದ್ದು ಸುಳ್ಳಲ್ಲ. ಆ ಹಲಗೆಗಳಿಗೆ ಏಲಕ್ಕಿ ಇಳಿದುಬಿಟ್ಟಿತ್ತು. ನಮ್ಮ ಮಾವ ಬಳಿಗೆ ಬಂದರೆ ಇದೇ ವಾಸನೆ ಬರುತ್ತಿತ್ತು. ನನಗೆ ಮಾತ್ರ ಅದು ಎಂದೂ ಹಿಡಿಸಿರಲಿಲ್ಲ. ಚಿನ್ನಾಳಪಟ್ಟಿಯಿಂದ ಹೊಸ ಸೀರೆ ತಂದರೆ ವಾರದೊಳಗೆ ಅದಕ್ಕೂ ಏಲಕ್ಕಿ ಮೆತ್ತುತ್ತಿತ್ತು. ತವರಿಗೆ ಹೋದಾಗ ಅಕ್ಕಂದಿರು ಪಾಯಸ ಬಂತು ಎಂದು ಗೇಲಿ ಮಾಡುತ್ತಿದ್ದರು. ಅಷ್ಟಾದರೂ ಅವರ ಮಾತು ಕೇಳಿ ನನ್ನ ಕೋಪ ಅರ್ಧಕ್ಕೆ ಇಳಿಯಿತು. ಉಳಿದರ್ಧ ಇಳಿಯಲು ನಾನು ಬಿಡಲಿಲ್ಲ.

"ನಿಮ್ ಮೂಚ್ಚು, ಈ ಉಸ್ರೇ ನಿಂತೋದ್ರೆ ಆ ವಾಸನೆನ ಯಾರ್ ಮೂಸಾದು?"

ಒಂದೆರಡು ದಿನ ಅವರು ಕೆಳಗೆ ಇಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಕಾಫಿ ಮುಗಿಸಿ, ಗರಗಸ ಹಿಡಿದು ತಮ್ಮ ಅಪ್ಪ ಇಡಿಸಿದ ಬಾಗಿಲನ್ನೇ ಕಳಚಿ ಮಲಗಿಸಿದರು. ಕೆಳಗಿನಿಂದ ಗೇಣಗಲದ ಹಲಗೆ ಕೊಯ್ದು, ಅಲ್ಲಿಗೆ ಕಬ್ಬಿಣದ ಜಾಲರಿ ಬಡಿಯುವುದೆಂದು ತೀರ್ಮಾನಿಸಿದ್ದರು. ಹಳೆಯ ತೇಗದೊಳಗೆ ಗರಗಸ ಇಳಿದಂತೆ ಏಲಕ್ಕಿಯ ಘಮ ಎದ್ದಿತು, ಈಗ ತಾನೇ ಮೂಟೆ ಬಿಚ್ಚಿದ ಹಾಗೆ. ಫ್ಯಾನು ಅದನ್ನು ಹೊರಗೆ ದೂಡುತ್ತಿತ್ತು. ಹಿತ್ತಲ ಗೋಡೆಯಾಚೆಯ ಮನೆಯ ಹೆಂಗಸು ಕೂಗಿ, ಹೊಸ ಕಾಯಿ ಬಂತಾ ಎಂದು ತಮಿಳಿನಲ್ಲಿ ಕೇಳಿದಳು. ಇಲ್ಲ ಎಂದೆ.

ಈಗ ಕೋಣೆಯಲ್ಲಿ ಹಲಸಿನ ಪುಡಿಯ ವಾಸನೆ ಮಾತ್ರ, ಅದೂ ನಿಲ್ಲುವುದಿಲ್ಲ. ಡಾಕ್ಟರು ಬೀಗದ ಮಾತು ಕೈಬಿಟ್ಟಿದ್ದಾರೆ. ಗಂಡ ಎಲ್ಲಿಯೂ ನಿಲ್ಲದೆ ಮೆಟ್ಟಿಲು ಹತ್ತುತ್ತಾರೆ. ಹಾಗೆ ಹತ್ತಿ ಬಂದ ಮೊದಲ ದಿನ ಅವರ ಕೈಯಲ್ಲಿ ಆ ಕೊಯ್ದ ಹಲಗೆ ಇತ್ತು. ಎಲ್ಲಿಡಲಿ ಎಂದು ಕೇಳಿದರು. ನನ್ನ ಬೀರು ತೋರಿಸಿದೆ. ಅವರು ನನ್ನ ಮುಖ ನೋಡಿದರು. ಸೀರೆಗಳ ನಡುವೆ ಅದನ್ನಿಟ್ಟು ಪಕ್ಕಕ್ಕೆ ಸರಿದರು. ಸಂದು ಉಳಿಯದ ಹಾಗೆ ಬೀರುವಿನ ಬಾಗಿಲನ್ನು ಒತ್ತಿ ಮುಚ್ಚಿದವಳು ನಾನು.